ಅರ್ಧ ಬಿಟ್ಟು ಬನ್ನಿ

ಕಚೇರಿಯಲ್ಲಿ ಅವರಿಗೆ ಗೂಟ ಎಂದು ಹೆಸರು. ಬೆಳಿಗ್ಗೆ ಹತ್ತಕ್ಕೆ ಜನನ-ಮರಣ ಪತ್ರದ ಕಿಟಕಿಯ ಹಿಂದೆ ನೆಟ್ಟರೆ ಸಂಜೆ ಐದಕ್ಕೆ ಕೀಳಬೇಕು. ನಡುವೆ ಅಲ್ಲಾಡಿದ್ದನ್ನು ಕಂಡವರಿಲ್ಲ. ಊಟದ ಡಬ್ಬಿ ಅಲ್ಲೇ, ಟೀ ಅಲ್ಲೇ, ಜನರೊಂದಿಗೆ ಜಗಳವೂ ಅಲ್ಲೇ. ಹೆಸರಿಟ್ಟವರು ಅದನ್ನು ಬೈಗುಳವೆಂದೇ ಇಟ್ಟಿದ್ದರು. ಅವರು ಬಿರುದು ಎಂದು ಸ್ವೀಕರಿಸಿದರು.

"ಇಪ್ಪತ್ತೆರಡು ವರ್ಷ ಆಯ್ತು ಸ್ವಾಮಿ. ಕಿಟಕಿ ಮುಂದೆ ಜನ ನಿಂತಿರುವಾಗ ಒಂದಕ್ಕೆ ಅಂತ ನಾನು ಎದ್ದಿದ್ದಿಲ್ಲ" ಎಂದು ಹೊಸಬರಿಗೆ ಹೇಳುವಾಗ ಅವರ ಎದೆ ಉಬ್ಬುತ್ತಿತ್ತು. ಉಬ್ಬುತ್ತಿದ್ದದ್ದು ಎದೆಯೋ ಅಥವಾ ಅದಕ್ಕಿಂತ ಒಂದು ಗೇಣು ಕೆಳಗಿನದೋ ಎಂದು ಆಗ ಯಾರೂ ಪರೀಕ್ಷಿಸಿರಲಿಲ್ಲ.

ಪಕ್ಕದ ಕಿಟಕಿಯಲ್ಲಿ ಕೂರುವವರಿಗೆ ಲಾಳಿ ಎಂದು ಹೆಸರು. ಮಗ್ಗದ ಲಾಳಿಯ ಹಾಗೆ ಕುರ್ಚಿಯಿಂದ ಶೌಚಾಲಯಕ್ಕೆ, ಶೌಚಾಲಯದಿಂದ ಕುರ್ಚಿಗೆ ಅರ್ಧ ಗಂಟೆಗೊಂದು ಸಲ ಓಡಾಟ. ಪ್ರತಿ ಸಲವೂ ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ, ಊಟ ಮುಗಿಸಿ ಬಂದವರಂಥ ತೃಪ್ತ ಮುಖದಲ್ಲಿ ಮರಳುತ್ತಿದ್ದರು. ಗೂಟರಿಗೆ ಈ ತೃಪ್ತಿಯನ್ನು ಕಂಡರೆ ಆಗುತ್ತಿರಲಿಲ್ಲ. "ಮೈಯಲ್ಲೇ ಶಿಸ್ತು ಇಲ್ಲದವನಿಗೆ ಕಡತದಲ್ಲಿ ಎಲ್ಲಿಂದ ಶಿಸ್ತು ಬರುತ್ತೆ?" ಎನ್ನುತ್ತಿದ್ದರು, ಲಾಳಿಗೆ ಚೆನ್ನಾಗಿ ಕೇಳಿಸುವಷ್ಟು ಮೆಲ್ಲಗೆ.

ಹೀಗಿರುವಾಗ ಹೆಡ್ ಗುಮಾಸ್ತರು ನಿವೃತ್ತರಾಗಿ ಅವರ ಕುರ್ಚಿ ಖಾಲಿಯಾಯಿತು. ಅದು ಎರಡೂ ಕಡೆ ಕೈಗಳಿರುವ, ಬೆನ್ನಿಗೆ ದಿಂಬು ಇರುವ ಕುರ್ಚಿ. ಸೇವೆಯ ಹಿರಿತನದಲ್ಲಿ ಗೂಟರು ಮೊದಲು. ಅವರಿಗಿಂತ ಹನ್ನೊಂದೇ ದಿನ ಕಿರಿಯರು ಲಾಳಿ. ಆದರೆ ಐವತ್ತು ದಾಟಿದವರು ಬಡ್ತಿ ಬೇಕೆಂದರೆ ವೈದ್ಯರಿಂದ ಆರೋಗ್ಯದ ಪತ್ರ ತರಬೇಕೆಂದು ಒಂದು ನಿಯಮವಿತ್ತು. ಲಾಳಿ ಮೊದಲ ದಿನವೇ ತಂದು ಕೊಟ್ಟಿದ್ದರು. ಗೂಟರು ಕೊನೆಯ ದಿನದವರೆಗೆ ಹೋಗಲಿಲ್ಲ. ಹೋಗಬೇಕೆಂದರೆ ಕುರ್ಚಿ ಬಿಟ್ಟು ಏಳಬೇಕಲ್ಲ!

"ಇವತ್ತು ಸಂಜೆ ಐದರ ಒಳಗೆ ಪತ್ರ ನನ್ನ ಮೇಜಿನ ಮೇಲಿರಬೇಕು. ಇಲ್ದಿದ್ರೆ ಲಾಳಿಗೆ ಕೊಟ್ಟುಬಿಡ್ತೀನಿ" ಎಂದರು ಸಾಹೇಬರು.

ಇಪ್ಪತ್ತೆರಡು ವರ್ಷ ಜನರಿಗೆ ಗೂಟರು ಹೇಳಿಕೊಂಡು ಬಂದ ಮಾತೇ ಅದು. ಅದನ್ನು ಕೇಳುವವರ ಕಡೆ ನಿಂತರೆ ಹೇಗಿರುತ್ತದೆ ಎಂದು ಅವರಿಗೆ ಅಂದೇ ತಿಳಿದದ್ದು.

ಹೆಂಡತಿಯ ತಮ್ಮ ಅವರನ್ನು ಸ್ಕೂಟರಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ಬಿಟ್ಟು, ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇನೆಂದು ಹೋದ. ಒಳಗೆ ಡಾಕ್ಟರಮ್ಮ ನಾಡಿ ನೋಡಿದರು, ನಾಲಗೆ ನೋಡಿದರು, ಎಲ್ಲ ಸರಿ ಇತ್ತು. ಕೊನೆಗೆ ಪೆನ್ನಿನ ಮುಚ್ಚಳ ತೆಗೆಯುತ್ತ, ಸುಮ್ಮನೆ ಕೇಳಿದರು.

"ದಿನಕ್ಕೆ ಎಷ್ಟು ಸಲ ಒಂದಕ್ಕೆ ಹೋಗ್ತೀರಿ?"

ಗೂಟರು ಈ ಪ್ರಶ್ನೆಗಾಗಿ ಇಪ್ಪತ್ತೆರಡು ವರ್ಷ ಕಾದಿದ್ದರು. "ಎರಡು!" ಎಂದರು. "ಬೆಳಿಗ್ಗೆ ಮನೆ ಬಿಡೋ ಮುಂಚೆ ಒಂದು. ಸಂಜೆ ಮನೆಗೆ ಬಂದಮೇಲೆ ಒಂದು. ಮಧ್ಯದಲ್ಲಿ ಆ ವ್ಯವಹಾರವೇ ಇಲ್ಲ."

ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು.

"ಅಷ್ಟು ಹೊತ್ತು ತಡ್ಕೊಂಡ್ರೆ ಮೂತ್ರಕೋಶ ಹಿಗ್ಗಿ ಹಿಗ್ಗಿ ಹಳೇ ಕಾಲುಚೀಲದ ಥರ ಸಡಿಲ ಆಗಿರುತ್ತೆ. ಪೂರ್ತಿ ಖಾಲಿ ಮಾಡೋ ಶಕ್ತಿ ಹೋಗಿರುತ್ತೆ. ಸ್ಕ್ಯಾನ್ ಮಾಡಿ ನೋಡ್ಬೇಕು. ಒಂದು ಸಲ ತುಂಬಿದಾಗ, ಒಂದು ಸಲ ಖಾಲಿ ಆದಮೇಲೆ. ಹೋಗಿಬಂದ ಮೇಲೂ ಒಳಗೆ ಒಂದು ಟೀ ಕಪ್ಪಿನಷ್ಟು ಉಳಿದಿದ್ರೆ ನಾನು ಸಹಿ ಹಾಕಲ್ಲ. ಮೊದಲು ಚಿಕಿತ್ಸೆ. ನಾನು ಇರೋದು ನಾಲ್ಕೂವರೆವರೆಗೆ. ಹೋಗಿ ನೀರು ಕುಡೀರಿ."

ಸ್ಕ್ಯಾನಿಂಗ್ ಕೋಣೆಯ ಮುಂದಿನ ಹಜಾರ ಒಂದು ವಿಚಿತ್ರ ಪ್ರಪಂಚ. ಅಲ್ಲಿ ಹದಿನೈದು ಜನ ಕೂತಿದ್ದರು. ಕೂತಿದ್ದರು ಎನ್ನುವುದಕ್ಕಿಂತ ಕೂರಲು ಪ್ರಯತ್ನಿಸುತ್ತಿದ್ದರು. ಕೆಲವರು ಬಾಟಲಿ ಎತ್ತಿ ಕುಡಿಯುತ್ತಿದ್ದರು, ಕೆಲವರು ಕಾಲ ಮೇಲೆ ಕಾಲು ಹಾಕಿ ಚಾವಣಿ ನೋಡುತ್ತಿದ್ದರು. ಒಬ್ಬ ಗರ್ಭಿಣಿ ಗೋಡೆಯುದ್ದಕ್ಕೂ ಸಣ್ಣ ಹೆಜ್ಜೆಯಲ್ಲಿ ನಡೆಯುತ್ತಿದ್ದಳು. ದಪ್ಪ ಕನ್ನಡಕದ ನರ್ಸಮ್ಮ ಹತ್ತು ನಿಮಿಷಕ್ಕೊಮ್ಮೆ ಪರದೆ ಸರಿಸಿ ಕೂಗುತ್ತಿದ್ದರು: "ಯಾರಿಗೆ ಬಂತು?"

ಕೈ ಎತ್ತಿದವರು ಒಳಗೆ.

ಗೂಟರ ಚೀಟಿ ನಾಲ್ಕನೆಯದು. ಅವರ ಕಣ್ಣೆದುರೇ ಹನ್ನೊಂದನೆಯ ಚೀಟಿಯ ಒಬ್ಬ ದಢೂತಿ ಮನುಷ್ಯ ಒಳಗೆ ನುಗ್ಗಿದ. ಗೂಟರು ಎದ್ದರು.

"ಸಿಸ್ಟರ್, ನಂದು ನಾಲ್ಕು. ಅವರದ್ದು ಹನ್ನೊಂದು."

"ಅವರಿಗೆ ಬಂದಿದೆ ಸಾರ್. ನಿಮಗೆ ಬಂದಿದೆಯಾ?"

"ಇಲ್ಲ. ಆದ್ರೂ ನಾಲ್ಕು ಆದಮೇಲೆ ತಾನೆ ಹನ್ನೊಂದು ಬರೋದು?"

"ಅದು ಮಗ್ಗಿ ಪುಸ್ತಕದಲ್ಲಿ ಸಾರ್. ಇಲ್ಲಿ ನಂಬರ್ ನೋಡಲ್ಲ, ಹೊಟ್ಟೆ ನೋಡ್ತೀವಿ."

ಹಜಾರ ನಕ್ಕಿತು. ನಕ್ಕ ಇಬ್ಬರು ತಕ್ಷಣ ನಗು ನಿಲ್ಲಿಸಿ ಗಂಭೀರರಾದರು, ಆ ಸ್ಥಿತಿಯಲ್ಲಿ ನಗಬಾರದೆಂದು ಅವರಿಗೆ ನೆನಪಾಗಿತ್ತು.

ಸಾಲನ್ನು ನಂಬಿ ಬದುಕಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಹೊಟ್ಟೆಯೇ ಲೆಕ್ಕವಾದರೆ ಹೊಟ್ಟೆಯಲ್ಲೇ ಗೆಲ್ಲುತ್ತೇನೆಂದು ಗೂಟರು ನೀರಿನ ಫಿಲ್ಟರಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಎಲ್ಲರೂ ಐದು ಲೋಟ ಕುಡಿದರೆ ಅವರು ಹದಿನಾಲ್ಕು ಕುಡಿದರು. ಕುಡಿದು ಮೀಸೆ ಒರೆಸಿಕೊಂಡು ಸುತ್ತ ನೋಡಿದರು. ಅರ್ಧ ಗಂಟೆ ಏನೂ ಆಗಲಿಲ್ಲ. "ನಮ್ಮದು ಬೇರೆ ಕಬ್ಬಿಣ" ಎಂದು ಪಕ್ಕದವರಿಗೆ ಹೇಳಿದರು.

ಕಬ್ಬಿಣ ಒಂದೂವರೆಗೆ ಬಗ್ಗಿತು. ಮೊದಲು ಸೂಜಿಯಷ್ಟು ಸುಳಿವು. ಐದೇ ನಿಮಿಷದಲ್ಲಿ ಹೆಬ್ಬಾಗಿಲು ಬಡಿಯುವ ದಂಡು. ಗೂಟರು ಎರಡೂ ಕೈ ಎತ್ತಿದರು.

"ಡಾಕ್ಟರಮ್ಮ ಮೇಲೆ ಹೋದ್ರು ಸಾರ್, ಹೆರಿಗೆ ಇದೆ. ಅರ್ಧ ಗಂಟೆ ಆಗುತ್ತೆ" ಎಂದರು ನರ್ಸಮ್ಮ.

ಸಾವಿರಾರು ಜನನ ಪತ್ರ ಕೊಟ್ಟ ಕೈ ಅದು. ಒಂದು ಮಗು ಹುಟ್ಟುವುದರ ಮೇಲೆ ಗೂಟರಿಗೆ ಸಿಟ್ಟು ಬಂದದ್ದು ಅದೇ ಮೊದಲು. ಅವರು ಎದ್ದು ನಡೆದರು. ನೇರ ನಡೆದರೆ ಅಪಾಯವೆಂದು ಬಗ್ಗಿ ನಡೆದರು. ಗೋಡೆ ಹಿಡಿದರು. ಹಣೆಯಲ್ಲಿ ಬೆವರು ಸಾಲುಗಟ್ಟಿತು. ಪೆಟ್ರೋಲ್ ಹಾಕಿಸಿ ಬಂದ ಭಾವಮೈದುನ ಕಂಡದ್ದು ಈ ಚಿತ್ರವನ್ನು.

"ಏನ್ ಭಾವ? ಏನಾಯ್ತು?"

ಬಾಯಿ ತೆರೆದರೆ ಬೇರೆಯದೂ ತೆರೆಯಬಹುದೆಂಬ ಭಯಕ್ಕೆ ಗೂಟರು ಹಲ್ಲು ಕಚ್ಚಿ ತಲೆಯಾಡಿಸಿದರು, ಅಷ್ಟೇ.

"ನೋವಾ? ಕಟ್ಕೊಂಡುಬಿಟ್ಟಿದೆಯಾ? ಅಯ್ಯೋ ಭಾವ!"

ಉತ್ತರಕ್ಕೆ ಕಾಯುವ ಜಾಯಮಾನ ಅವನದಲ್ಲ. ಮನೆಯವರೆಗೂ ಹಾರನ್ ಒತ್ತಿಕೊಂಡೇ ಹೋದ. ಬೀದಿಯ ಬಾಯಲ್ಲಿ ನಿಂತೇ, "ಅಕ್ಕಾ! ಭಾವಂಗೆ ಕಟ್ಕೊಂಡುಬಿಟ್ಟಿದೆ! ಗೋಡೆ ಹಿಡ್ಕೊಂಡಿದಾರೆ, ಮಾತೇ ಹೊರಡ್ತಿಲ್ಲ!" ಎಂದು ಕೂಗಿದ. ಅಕ್ಕನಿಗೆ ಹೇಳಿದ್ದು ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರಿಗೂ ಕೇಳಿಸಿತು. ಅವಳು ಮಿಕ್ಸಿ ಓಡಿಸುತ್ತಿದ್ದಳು.

ಇತ್ತ ಎರಡು ಗಂಟೆ ಹತ್ತು ನಿಮಿಷಕ್ಕೆ ಗೂಟರು ಮಂಚದ ಮೇಲೆ ಮಲಗಿದರು. ಡಾಕ್ಟರಮ್ಮ ತಣ್ಣನೆಯ ಅಂಟು ಹಚ್ಚಿ, ಯಂತ್ರದ ಹಿಡಿಯನ್ನು ಹೊಟ್ಟೆಯ ಮೇಲಿಟ್ಟು, ಪರದೆ ನೋಡಿ ಹುಬ್ಬೇರಿಸಿದರು.

"ಏನ್ರೀ ಇದು, ಕೆರೆ ಕಟ್ಟಿದೀರಾ? ಒಂಬೈನೂರು ಮಿಲಿ ದಾಟಿದೆ. ಇಷ್ಟು ತುಂಬಿದ್ರೆ ಅಳತೆ ಸರಿ ಬರಲ್ಲ. ಹೋಗಿ, ಅರ್ಧ ಬಿಟ್ಟು ಬನ್ನಿ."

"ಅರ್ಧ?"

"ಅರ್ಧ. ಉಳಿದದ್ದು ಹಿಡ್ಕೊಂಡು ಬನ್ನಿ."

ಲೋಕದಲ್ಲಿ ಹಲವು ಕಷ್ಟದ ಕೆಲಸಗಳಿವೆ. ಸಾಲದ ಅಕ್ಕಿಯಲ್ಲಿ ಸಂತೋಷವಾಗಿ ಉಣ್ಣಬಹುದು, ಅತ್ತೆಯೆದುರು ಹೆಂಡತಿಯನ್ನು ಹೊಗಳಬಹುದು. ಅರ್ಧ ಬಿಟ್ಟು ಬರುವುದು ಮಾತ್ರ ಮನುಷ್ಯಮಾತ್ರರಿಂದ ಆಗುವುದಲ್ಲ. ಗೂಟರು ಲೆಕ್ಕದ ಮನುಷ್ಯ; ಕಾಗದದ ಲೋಟಗಳನ್ನು ಎಣಿಸಿ ಒಯ್ದರು. ಮೊದಲನೆಯದು ತುಂಬಿತು. ಎರಡನೆಯದು ತುಂಬಿತು. "ಸಾಕು" ಎಂದು ಆದೇಶ ಕೊಟ್ಟರು. ಮೂತ್ರಕೋಶ ಸರ್ಕಾರಿ ನೌಕರನಲ್ಲ, ಮೇಲಿನವರ ಆದೇಶಕ್ಕೆ ಬೆಲೆ ಕೊಡಲಿಲ್ಲ. ಗೂಟರ ಕಣ್ಣು ತಾನಾಗಿ ಮುಚ್ಚಿತು. ತೆರೆದಾಗ ಎಲ್ಲ ಮುಗಿದಿತ್ತು. ನಡು ಹಗಲಿನಲ್ಲಿ ಅಂಥ ಸುಖವೊಂದು ಇದೆಯೆಂದು ಇಪ್ಪತ್ತೆರಡು ವರ್ಷ ತಿಳಿಯದೇ ಹೋಗಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆ ಗಡಿಯಾರ ನೆನಪಾಯಿತು.

"ಎಲ್ಲಾ ಹೋಯ್ತು ಡಾಕ್ಟರೇ."

"ಹೋಗೇ ಹೋಗುತ್ತೆ" ಎಂದು ಅವರು ನಕ್ಕರು. "ಅದಕ್ಕೆ ಎರಡು ಬಾಗಿಲು. ಒಳಗಿನದು ನಿಮ್ಮ ಮಾತು ಕೇಳಲ್ಲ, ಹೊರಗಿನದು ಮಾತ್ರ ನಿಮ್ಮ ಕೈಲಿರೋದು. ಒಂದು ಸಲ ತೆರೆದ್ರೆ ಚೀಲ ತಾನೇ ಹಿಂಡ್ಕೊಳ್ಳುತ್ತೆ. ಈಗ ಅಳೆಯೋಣ ಅಂದ್ರೆ ಒಂಬೈನೂರು ತುಂಬಿ ಖಾಲಿ ಮಾಡಿದ್ದು ಲೆಕ್ಕಕ್ಕೆ ಬರಲ್ಲ. ಮತ್ತೆ ಹದವಾಗಿ ತುಂಬಿಸ್ಕೊಂಡು ಬನ್ನಿ. ಹದವಾಗಿ!"

ಗೂಟರು ಹಜಾರಕ್ಕೆ ಬಂದು ಬಾಟಲಿ ಎತ್ತಿ ಬಾಯಿಗಿಟ್ಟರು. ಆಗಲೇ ಅದನ್ನು ಒಂದು ಕೈ ಕಿತ್ತುಕೊಂಡಿತು.

"ರೀ! ಬುದ್ಧಿ ಇದೆಯಾ ನಿಮಗೆ? ಕಟ್ಕೊಂಡಿದೆ, ಮೇಲಿಂದ ಇನ್ನೂ ಸುರೀತಿದೀರಲ್ಲ!"

ಹೆಂಡತಿ. ಅವಳ ಹಿಂದೆ ತಮ್ಮ. ಅವನ ಹಿಂದೆ ಮೇಲಿನ ಮನೆಯ ನಲ್ಲಿ ರಿಪೇರಿಯವನು, ಹೆಗಲಲ್ಲಿ ಸಾಮಾನಿನ ಚೀಲ. ಚೀಲದಿಂದ ದೊಡ್ಡ ಸ್ಪ್ಯಾನರ್ ಒಂದು ತಲೆ ಹೊರಗೆ ಹಾಕಿತ್ತು. ಅದನ್ನು ನೋಡಿ ಗೂಟರು ಎರಡು ಹೆಜ್ಜೆ ಹಿಂದೆ ಸರಿದರು.

"ಅದು ಯಾಕ್ರೀ ಇಲ್ಲಿಗೆ?" ಎಂದರು ನರ್ಸಮ್ಮ.

"ಅಭ್ಯಾಸ ಸಿಸ್ಟರ್. ಬಳಸಲ್ಲ" ಎಂದು ಅವನು ಸಮಾಧಾನ ಹೇಳಿ, ಗೂಟರನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಅಕ್ಕಾವ್ರು ಹೇಳೋದು ಸರಿ ಯಜಮಾನ್ರೇ. ಹೊರಗಡೆ ಪೈಪು ಕಟ್ಟಿದಾಗ ಮೊದಲ ಕೆಲಸ, ಒಳಗೆ ಬರೋ ನೀರು ನಿಲ್ಸೋದು. ಇಲ್ದಿದ್ರೆ ಟ್ಯಾಂಕ್ ಒಡೆಯುತ್ತೆ. ನಾನೆಷ್ಟು ಮನೆ ನೋಡಿಲ್ಲ!"

"ಕಟ್ಟಿಲ್ಲ ಮಾರಾಯ, ಈಗ ತಾನೆ ಹೋಗಿಬಂದೆ. ಪೂರ್ತಿ ಹೋಯ್ತು. ಅದೇ ತೊಂದರೆ ಆಗಿರೋದು!"

ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. "ನೋಡಿದ್ಯೇನೋ ತಮ್ಮಾ, ನಮಗೆ ಗಾಬರಿ ಆಗ್ಬಾರ್ದು ಅಂತ ಹೇಗೆ ಹೇಳ್ತಿದಾರೆ. ನನಗೆ ಗೊತ್ತು ಇವರ ಸ್ವಭಾವ. ಮದುವೆ ದಿನ ಹಲ್ಲುನೋವಿದ್ರೂ ಹೇಳಿರಲಿಲ್ಲ."

"ಅವರಿಗೆ ತುಂಬಬೇಕಮ್ಮಾ, ನೀರು ಕೊಡಿ" ಎಂದರು ನರ್ಸಮ್ಮ ಪರದೆಯ ಸಂದಿಯಿಂದ.

"ತುಂಬಿರೋದಕ್ಕೆ ತಾನೆ ಆಸ್ಪತ್ರೆಗೆ ಬಂದಿರೋದು? ನೀವೂ ಸರಿ!" ಎಂದು ಹೆಂಡತಿ ಬಾಟಲಿಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

ವಿವರಿಸುತ್ತ ಕೂತರೆ ಕುರ್ಚಿ ಹೋಗುತ್ತದೆ. ಗೂಟರು ಇಪ್ಪತ್ತೆರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದರು: ನೆಟ್ಟ ಜಾಗದಿಂದ ತಪ್ಪಿಸಿಕೊಂಡರು. "ಸ್ವಲ್ಪ ಗಾಳಿ ಬೇಕು" ಎಂದು ಮೆಟ್ಟಿಲ ಕಡೆ ಹೋಗಿ, ಮೇಲಿನ ಮಹಡಿಯಲ್ಲಿ ಬಾಣಂತಿಯ ಗಂಡನ ಬಳಿ ನೀರು ಬೇಡಿ ಕುಡಿದರು. ಅವನು ಸಂತೋಷದಲ್ಲಿದ್ದ, ಬಾಟಲಿಯನ್ನೇ ಕೊಟ್ಟುಬಿಟ್ಟ. ಆ ಮಗುವಿನ ಮೇಲೆ ಇದ್ದ ಸಿಟ್ಟು ಗೂಟರಿಗೆ ಅಲ್ಲಿಗೆ ಇಳಿಯಿತು.

ಮೂರೂ ಮುಕ್ಕಾಲಿಗೆ ಹದವಾಗಿ ಬಂತು. ಡಾಕ್ಟರಮ್ಮ ಅಳೆದರು. "ನಾನೂರು. ಈಗ ಸರಿ ಇದೆ. ಹೋಗಿ ಆರಾಮಾಗಿ ಪೂರ್ತಿ ಮಾಡಿಬನ್ನಿ. ಉಳಿದದ್ದು ನೋಡಿ ಸಹಿ ಹಾಕಿಬಿಡ್ತೀನಿ."

ಗಂಡಸರ ಶೌಚಾಲಯದಲ್ಲಿ ಒಂದು ಕೈತೊಳೆಯುವ ಬೇಸಿನ್ನು, ಅದರಾಚೆ ಎರಡು ಸಣ್ಣ ಕೋಣೆಗಳು. ಗೂಟರು ಒಂದರೊಳಗೆ ಹೋಗಿ ಚಿಲಕ ಹಾಕಿದರು. ಅವರ ಹಿಂದೆಯೇ ಭಾವಮೈದುನ ಮತ್ತು ನಲ್ಲಿಯವನು ಬಂದು ಬೇಸಿನ್ನಿನ ಪಕ್ಕ ನಿಂತರು. ಹೊರಬಾಗಿಲಲ್ಲಿ ಹೆಂಡತಿ. ಅವಳಾಚೆ, ಅಷ್ಟು ಹೊತ್ತಿಗೆ ಎಲ್ಲ ತಿಳಿದುಕೊಂಡಿದ್ದ ಹಜಾರ.

"ಬಂತಾ ಭಾವ?"

ಇಲ್ಲ.

"ಬಂತೇನೋ?" ಹೊರಗಿನಿಂದ ಹೆಂಡತಿ.

"ಇಲ್ಲ ಅಕ್ಕಾ!"

"ಅವರಿಗೆ ಇನ್ನೂ ಬಂದಿಲ್ಲವಂತೆ" ಎಂದು ಹಜಾರದಲ್ಲಿ ಯಾರೋ ಮುಂದಕ್ಕೆ ದಾಟಿಸಿದರು.

ಒಂದೂವರೆ ತಾಸಿನ ಹಿಂದೆ ನಿಲ್ಲು ಎಂದರೆ ನಿಲ್ಲದ್ದು ಈಗ ಬಾ ಎಂದರೆ ಬರಲಿಲ್ಲ. ತುಂಬಿದ್ದಂತೂ ನಿಜ, ಒತ್ತುತ್ತಿದ್ದದ್ದೂ ನಿಜ. ಬಾಗಿಲಾಚೆ ನಾಲ್ಕು ಕಿವಿಗಳಿವೆ ಎಂದು ತಿಳಿದ ಕ್ಷಣ ಒಳಗಿನದೆಲ್ಲ ಹೊಸ ಸೊಸೆಯಂತೆ ಮುದುಡಿ ನಿಂತಿತು.

"ಪೈಪಲ್ಲಿ ಗಾಳಿ ಸೇರ್ಕೊಂಡಿದೆ ಯಜಮಾನ್ರೇ" ಎಂದ ನಲ್ಲಿಯವನು. "ಎರಡು ಸಲ ಮೇಲೆ ಕೆಳಗೆ ಕುಣೀರಿ."

ಗೂಟರು ಕುಣಿದರು. ಕುರ್ಚಿಗಾಗಿ ಮನುಷ್ಯ ಏನೆಲ್ಲ ಮಾಡುತ್ತಾನೆ!

"ಕೆಮ್ಮಿ ನೋಡಿ." ಕೆಮ್ಮಿದರು.

"ನಲ್ಲಿ ಬಿಡ್ಲಾ? ನೀರಿನ ಸದ್ದು ಕೇಳಿದ್ರೆ ಬರುತ್ತೆ." ಬಿಟ್ಟ. ಭಾವಮೈದುನನಿಗೆ ಬಂತು, ಪಕ್ಕದ ಕೋಣೆಗೆ ಓಡಿ ಮುಗಿಸಿ ಬಂದ. ಗೂಟರಿಗೆ ಬರಲಿಲ್ಲ.

"ಹೋಗ್ಲಿ ಬಿಡಿ ರೀ!" ಎಂದು ಹೆಂಡತಿ ಹೊರಗಿನಿಂದ ಅಳುದನಿಯಲ್ಲಿ ಕೂಗಿದಳು. "ಹೆಡ್ ಗುಮಾಸ್ತರಾಗದಿದ್ರೆ ಬೇಡ. ಟ್ಯೂಬ್ ಹಾಕಿಸ್ಕೊಳ್ಳಿ!"

ನಾಲ್ಕು ಗಂಟೆ ಹತ್ತು. ಗೂಟರ ಕಣ್ಣೆದುರು ಕೈಗಳಿರುವ ಕುರ್ಚಿ ಕಾಣಿಸಿತು. ಅದರಲ್ಲಿ ಲಾಳಿ ಕೂತು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಅದು ಕಲ್ಪನೆ ಎಂದುಕೊಳ್ಳುವಷ್ಟರಲ್ಲಿ ಆ ಲಾಳಿಯ ಧ್ವನಿಯೇ ಹೊರಗೆ ಕೇಳಿಸಿತು.

"ಏನ್ರಪ್ಪಾ, ಇಲ್ಲಿ ಏನ್ ಸಂತೆ? ಕೆಲಸ ಇರೋರು ಇರಿ, ಇಲ್ಲದವರು ಆಚೆ ಹೋಗಿ. ನನಗೆ ಅವಸರ." ಹೆಜ್ಜೆಗಳು ಹೊರಗೆ ಸರಿದವು. ಹೊರಬಾಗಿಲು ಮುಚ್ಚಿತು. ಪಕ್ಕದ ಕೋಣೆಯ ಚಿಲಕ ಬಿತ್ತು. "ಸಾರ್, ನಾನು."

"ನೀವಾ? ನೋಡೋಕೆ ಬಂದ್ರಾ?"

"ನೋಡೋಕೇನಿದೆ ಸಾರ್, ಮಧ್ಯ ಗೋಡೆ ಇದೆಯಲ್ಲ. ಸಾಹೇಬ್ರು ಕಳಿಸಿದ್ರು, ಪತ್ರ ಬರುತ್ತೋ ಇಲ್ವೋ ತಿಳ್ಕೊಂಡು ಬಾ ಅಂತ. ಓಡ್ಕೊಂಡು ಬಂದೆ."

"ಓಡದೆ ಇರ್ತೀರಾ? ಐದು ಹೊಡೆದ್ರೆ ಕುರ್ಚಿ ನಿಮ್ಮದು. ಕೂತ್ಕೊಳ್ಳಿ ಹೋಗಿ."

"ಅದೇ ಭಯ ಸಾರ್ ನಂಗೆ!" ಲಾಳಿಯ ದನಿಯಲ್ಲಿ ನಿಜವಾದ ಸಂಕಟವಿತ್ತು. "ವಾರದಿಂದ ನಿದ್ದೆ ಇಲ್ಲ. ಆ ಕುರ್ಚಿ ಎಲ್ಲಿದೆ ಹೇಳಿ? ಸಾಹೇಬ್ರ ಕೋಣೆ ಪಕ್ಕ, ಆ ತುದೀಲಿ. ನನ್ನ ಕಿಟಕಿಯಿಂದ ಟಾಯ್ಲೆಟ್ಟಿಗೆ ಹನ್ನೊಂದು ಹೆಜ್ಜೆ. ಅಲ್ಲಿಂದ ಅರವತ್ತಮೂರು! ಭಾನುವಾರ ಬೀಗ ತೆಗೆಸಿ ಅಳೆದಿದೀನಿ. ಮಧ್ಯ ಎರಡು ಮೆಟ್ಟಿಲು, ಕಡತದ ಕಪಾಟು, ಸಾಲಲ್ಲಿ ನಿಂತ ಜನ. ಒಬ್ಬೊಬ್ಬರೂ 'ಸಾರ್, ನಂದು ಒಂದು ಸಹಿ' ಅಂತ ತಡೀತಾರೆ. ನಾನು ಆ ಕುರ್ಚೀಲಿ ಕೂತ್ರೆ ಒಂದು ದಿನವಾದ್ರೂ ಒಣಗಿದ ಪ್ಯಾಂಟಲ್ಲಿ ಮನೆಗೆ ಹೋಗ್ತೀನಾ?"

"ಮತ್ತೆ ಮೊದಲ ದಿನವೇ ಪತ್ರ ಕೊಟ್ರಲ್ಲ?"

"ಏನೋ ಕಾಯಿಲೆ ಬರೆದು ಕೊಡ್ತಾರೆ, ತಪ್ಪಿಸ್ಕೋಬಹುದು ಅಂತ ಹೋದೆ ಸಾರ್. ಈ ಡಾಕ್ಟರಮ್ಮನೇ. 'ಒಂದು ತೊಟ್ಟೂ ಉಳಿದಿಲ್ಲ, ಇಷ್ಟು ಚೊಕ್ಕಟವಾದ ಮೂತ್ರಕೋಶ ನಾನು ನೋಡೇ ಇಲ್ಲ' ಅಂತ ಬರೆದುಬಿಟ್ರು! ಮನೇಲಿ ಹೆಂಡತಿ ಬೇರೆ ಅದನ್ನ ನೆಂಟರಿಗೆಲ್ಲ ಓದಿ ಹೇಳ್ತಿದಾಳೆ. ಸಾರ್, ನಿಮಗೆ ಕೈ ಮುಗೀತೀನಿ... ಮುಗಿಯೋಕೆ ಈಗ ಕೈ ಬಿಡುವಿಲ್ಲ, ಆದ್ರೂ ಮುಗಿದೆ ಅಂತ ತಿಳ್ಕೊಳ್ಳಿ. ನನ್ನ ಉಳಿಸಿ."

ಗೂಟರಿಗೆ ಮೂಗಿನಲ್ಲಿ ನಗು ಬಂತು. ತಡೆದರು. ತಡೆಯುವುದರಲ್ಲಿ ಅವರದು ಎತ್ತಿದ ಕೈ. ಆದರೂ ಅರವತ್ತಮೂರು ಹೆಜ್ಜೆಯ ನಡುವೆ ಲಾಳಿಯನ್ನು ನಿಲ್ಲಿಸಿಕೊಂಡು ಸಹಿ ಕೇಳುತ್ತಿರುವ ಜನ ಕಣ್ಣಿಗೆ ಕಟ್ಟಿ ಹೊಟ್ಟೆಯಿಂದಲೇ ನಗು ಉಕ್ಕಿತು. ಹೊಟ್ಟೆ ಬಿಗಿಹಿಡಿದು ನಗುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಗೂಟರು ನಕ್ಕರು, ಗೋಡೆಗೆ ಕೈಯೂರಿ ನಕ್ಕರು. ಎರಡು ಕಿಟಕಿಗಳ ನಡುವೆ ವರ್ಷಗಟ್ಟಲೆ ಕಟ್ಟಿಕೊಂಡಿದ್ದದ್ದೆಲ್ಲ ಸಡಿಲವಾದಂತಾಗಿ, ತಮಗೆ ತಿಳಿಯುವ ಮೊದಲೇ...

"ಅಕ್ಕಾ!" ಹೊರಬಾಗಿಲಿಗೆ ಕಿವಿಯಿಟ್ಟಿದ್ದ ಭಾವಮೈದುನ ಕೂಗಿದ. "ಬಂತು!"

ಹಜಾರ ಚಪ್ಪಾಳೆ ತಟ್ಟಿತು. ತಟ್ಟಬಾರದ ಸ್ಥಿತಿಯಲ್ಲಿದ್ದವರೂ ತಟ್ಟಿದರು.

"ನಾನು ಹೇಳಿರಲಿಲ್ವಾ, ಗಾಳಿ ಅಂತ" ಎಂದ ನಲ್ಲಿಯವನು.

ಉಳಿದದ್ದು ನಲವತ್ತು ಮಿಲಿ. ಡಾಕ್ಟರಮ್ಮ ನಾಲ್ಕು ಇಪ್ಪತ್ತೈದಕ್ಕೆ ಸಹಿ ಹಾಕಿದರು. ಸಹಿಯ ಕೆಳಗೆ, "ಇವರು ಮೂರು ಗಂಟೆಗೊಮ್ಮೆ ತಪ್ಪದೆ ಎದ್ದು ಹೋಗಿಬರತಕ್ಕದ್ದು" ಎಂದೂ ಬರೆದರು. ಲಾಳಿ ಆ ಪತ್ರವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಸ್ಕೂಟರಿನ ಹಿಂದೆ ಕೂತು, ಐದಕ್ಕೆ ನಾಲ್ಕು ನಿಮಿಷವಿರುವಾಗ ಸಾಹೇಬರ ಮೇಜಿನ ಮೇಲಿಟ್ಟರು.

ಮರುದಿನ ಗೂಟರು ಕೈಗಳಿರುವ ಕುರ್ಚಿಯಲ್ಲಿ ಕೂತರು. ಒಂದು ಗಂಟೆ ಹೊಡೆಯಿತು. ಸಾಹೇಬರು ಕೋಣೆಯಿಂದ ಇಣುಕಿ, "ಏನ್ರೀ, ಹತ್ತಕ್ಕೆ ಕೂತೋರು, ಮೂರು ಗಂಟೆ ಹೊತ್ತಾಯ್ತು, ಪತ್ರದಲ್ಲಿರೋ ಹಾಗೆ ಎದ್ದು ಹೋಗಿ" ಎಂದರು. ಕಚೇರಿಯೆಲ್ಲ ಪೆನ್ನು ಕೆಳಗಿಟ್ಟಿತು. ಗೂಟರು ಎದ್ದರು. ಮೆಟ್ಟಿಲಿಳಿದರು. ಕಪಾಟಿನ ಬಳಿ ಒಬ್ಬರು, "ಸಾರ್, ನಂದು ಒಂದು ಸಹಿ" ಎಂದರು. ಗೂಟರು ನಿಂತು ಹಾಕಿದರು. ಇನ್ನೊಬ್ಬರು ಬಂದರು. ಅದನ್ನೂ ಹಾಕಿದರು. ಮೂರನೆಯವರನ್ನು ಕಂಡು ಮುಖ ಬೇರೆಯಾಯಿತು.

ಸ್ವಲ್ಪ ಹೊತ್ತಿನಲ್ಲಿ ಅವರು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ, ಒಳಗೆ ಹೋಗಲು ಲಾಳಿ ಬಾಗಿಲಲ್ಲಿ ಕಾಯುತ್ತಿದ್ದರು.

"ಅರವತ್ತಮೂರು ಸರಿಯಾಗಿತ್ತಾ ಸಾರ್?"

"ಐವತ್ತೆಂಟು" ಎಂದರು ಗೂಟರು ಗಂಭೀರವಾಗಿ. "ಕೊನೇಲಿ ಸ್ವಲ್ಪ ಓಡಿದೆ."